ಚಾಲಕರಿಲ್ಲದ ಗಾಡಿ: ಕಾರಿನ ಹೊರಗಿರುವವರ ಲೆಕ್ಕ ಯಾರು ಇಡುತ್ತಾರೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ತಾನೇ ಓಡುವ ಕಾರುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ, ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ ಅಂದುಕೊಂಡೆ. ನಾನು ಗಾಡಿ ತಯಾರಿಸುವವಳಲ್ಲ. ಗಾಡಿ ರಸ್ತೆಗಿಳಿದ ಮೇಲೆ ಏನಾಯಿತು ಅಂತ ಅಳೆಯುವುದು ನನ್ನ ಕೆಲಸ. ಪರೀಕ್ಷಾ ಓಡಾಟದ ವಿಡಿಯೋ ನೋಡುತ್ತೇನೆ, ವೇಗ, ಬ್ರೇಕ್, ಅಂತರಗಳ ಲೆಕ್ಕ ತೆಗೆಯುತ್ತೇನೆ, ಚಾಲಕರನ್ನು ಕೂರಿಸಿಕೊಂಡು ಮಾತಾಡಿಸುತ್ತೇನೆ. ವರ್ಷಗಳಿಂದ ಇದೇ ಮಾಡಿಕೊಂಡು ಬಂದಿದ್ದೇನೆ.

ಪ್ರಶ್ನೆ: ಮೇಡಂ, ನೂರಕ್ಕೆ 94 ಅಪಘಾತಗಳಿಗೆ ಮನುಷ್ಯರ ತಪ್ಪೇ ಕಾರಣ ಅಂತ ಎಲ್ಲ ಕಡೆ ಓದುತ್ತೇನೆ. ಯಂತ್ರವೇ ಓಡಿಸಿದರೆ ಅಷ್ಟೂ ಅಪಘಾತ ನಿಲ್ಲಬೇಕಲ್ವಾ? (ಕಾಲೇಜು ಅಧ್ಯಾಪಕರೊಬ್ಬರು)

ಉತ್ತರ: ಇಲ್ಲ. ಈ ಸಂಖ್ಯೆ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2015ರಲ್ಲಿ ಒಂದು ಚಿಕ್ಕ ಟಿಪ್ಪಣಿ ಹೊರಡಿಸಿತು. 2005ರಿಂದ 2007ರವರೆಗೆ ನಡೆದ ಅಪಘಾತ ಸಮೀಕ್ಷೆ ಅದಕ್ಕೆ ಆಧಾರ. ಒಂದು ಅಪಘಾತಕ್ಕೆ ಮುಂಚೆ ಒಂದರ ಹಿಂದೆ ಒಂದು ಏನೇನೋ ಆಗಿರುತ್ತದೆ. ಅದರಲ್ಲಿ ಕಟ್ಟಕಡೆಯದು ಯಾವುದು ಅಂತ ಆ ಸಮೀಕ್ಷೆ ಗುರುತಿಸಿತು. ನೂರರಲ್ಲಿ 94 ಸಲ ಅದು ಚಾಲಕರ ಕಡೆಯದ್ದಾಗಿತ್ತು. ಇದನ್ನೇ ಅಪಘಾತದ ಕಾರಣ ಅಂತ ತಿಳಿಯಬಾರದು ಎಂದು ಆ ಟಿಪ್ಪಣಿಯಲ್ಲೇ ಬರೆದಿದೆ. ಆ ಸಾಲನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ.

ದೀಪವಿಲ್ಲದ ತಿರುವು, ಅಳಿಸಿಹೋದ ರಸ್ತೆ ಗೆರೆ, ಹದಿನಾಲ್ಕು ಗಂಟೆ ದುಡಿದು ಬಂದ ಚಾಲಕ. ಇಷ್ಟೂ ಸೇರಿ ಅಪಘಾತವಾದರೂ ಕಾಗದದಲ್ಲಿ ಉಳಿಯುವುದು ‘ಚಾಲಕ ನೋಡಲಿಲ್ಲ’ ಅಂತ.

ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2020ರಲ್ಲಿ ಇಂಥದೇ ಅಪಘಾತಗಳ ದಾಖಲೆಯನ್ನು ಬಿಡಿಸಿ ನೋಡಿತು. ಸರಿಯಾಗಿ ಕಾಣದೇ ಹೋದದ್ದು, ನಿದ್ದೆ, ಅಮಲು, ಹಠಾತ್ ಕಾಯಿಲೆ, ಇವಿಷ್ಟನ್ನು ಯಂತ್ರ ಖಂಡಿತ ತಪ್ಪಿಸುತ್ತದೆ ಅಂತ ಇಟ್ಟುಕೊಂಡರೆ ತಪ್ಪುವುದು ಸುಮಾರು ಮೂರರಲ್ಲಿ ಒಂದು ಅಪಘಾತ. ಉಳಿದ ಹೆಚ್ಚಿನವು ತೀರ್ಮಾನಕ್ಕೆ ಸಂಬಂಧಿಸಿದವು. ಎಷ್ಟು ವೇಗ, ಎಷ್ಟು ಅಂತರ, ಎದುರಿನವರು ಏನು ಮಾಡಬಹುದು ಅನ್ನುವ ಅಂದಾಜು. ‘ನನಗೆ ಬೇಗ ಹೋಗಬೇಕು’ ಅಂತ ಪ್ರಯಾಣಿಕ ಕೇಳಿದರೂ ಕಾರು ‘ಆಗಲ್ಲ’ ಅನ್ನಬೇಕು. ಹಾಗೆ ಬರೆದ ಸಾಫ್ಟ್‌ವೇರ್ ಇದ್ದರೆ ಮಾತ್ರ ಆ ಪಾಲೂ ಕಡಿಮೆಯಾಗುತ್ತದೆ.

ಇನ್ನು ಯಂತ್ರದ್ದೇ ಆದ ತಪ್ಪುಗಳಿವೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಉಬರ್‌ನ ಪರೀಕ್ಷಾ ಕಾರು ಒಬ್ಬ ಮಹಿಳೆಗೆ ಡಿಕ್ಕಿ ಹೊಡೆಯಿತು. ಆಕೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಆಕೆ ಉಳಿಯಲಿಲ್ಲ. ತನಿಖಾ ವರದಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಡಿಕ್ಕಿಗೆ 5.6 ಸೆಕೆಂಡ್ ಮುಂಚೆಯೇ ಕಾರು ಆಕೆಯನ್ನು ಗುರುತಿಸಿತ್ತು. ಆದರೆ ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಎಲ್ಲಿಂದ ಎಲ್ಲಿಗೆ ಬರುತ್ತಿದ್ದರು ಅನ್ನುವ ಹಿಂದಿನ ಲೆಕ್ಕ ಅಳಿಸಿಹೋಗುತ್ತಿತ್ತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಅನ್ನುವ ಯೋಚನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಕಾರಿನೊಳಗೆ ನಿಗಾ ಇಡಬೇಕಾದವರು ಫೋನ್ ನೋಡುತ್ತಿದ್ದರು.

ಹಾಗಾಗಿ ಲೆಕ್ಕ ಎರಡು ಕಡೆ ಹಾಕಬೇಕು. ತಪ್ಪಿಹೋಗುವ ಅಪಘಾತ ಎಷ್ಟು, ಹೊಸದಾಗಿ ಸೇರುವುದು ಎಷ್ಟು. ಬರೀ ಕಳೆಯುವ ಲೆಕ್ಕ ತೋರಿಸಿದವರನ್ನು ನಂಬಬೇಡಿ.

ಪ್ರಶ್ನೆ: ನಾನು ಬಸ್ ಓಡಿಸಿ ನಿವೃತ್ತನಾದವನು. ‘ನಮ್ಮ ಕಾರು ಇಷ್ಟು ಲಕ್ಷ ಕಿಲೋಮೀಟರ್ ಓಡಿದೆ, ಒಂದು ಜೀವವೂ ಹೋಗಿಲ್ಲ’ ಅಂತ ಕಂಪನಿಗಳು ಹೇಳುತ್ತವೆ. ಅಷ್ಟು ಓಡಿದ ಮೇಲೂ ಅನುಮಾನ ಏಕೆ?

ಉತ್ತರ: ನೀವು ಇಡೀ ಸೇವಾವಧಿಯಲ್ಲಿ ಓಡಿಸಿದ ದೂರವನ್ನೇ ನೆನೆಸಿಕೊಳ್ಳಿ. ನಿಮ್ಮಂಥ ಎಷ್ಟೋ ಚಾಲಕರು ಒಂದೂ ಸಾವಿಲ್ಲದೆ ನಿವೃತ್ತರಾಗುತ್ತಾರೆ. ರಸ್ತೆಯಲ್ಲಿ ಸಾವು ಭೀಕರ, ಆದರೆ ಕಿಲೋಮೀಟರ್ ಲೆಕ್ಕಕ್ಕೆ ತಂದರೆ ಅಪರೂಪ. ಅದಕ್ಕೇ ಲಕ್ಷಗಳು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಮೆರಿಕದಲ್ಲಿ 10 ಕೋಟಿ ಮೈಲಿಗೆ ಸುಮಾರು 1.09 ಸಾವು. ತಾನೇ ಓಡುವ ಕಾರು ಇದಕ್ಕಿಂತ ಕೆಟ್ಟದಾಗಿಲ್ಲ ಅಂತ ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ ಸುಮಾರು 44 ಕೋಟಿ ಕಿಲೋಮೀಟರ್ ಓಡಬೇಕು. ನೂರು ಕಾರುಗಳನ್ನು ಹಗಲೂ ರಾತ್ರಿ, ವರ್ಷದ ಅಷ್ಟೂ ದಿನ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸಿದರೂ ಹನ್ನೆರಡೂವರೆ ವರ್ಷ ಬೇಕು. ಈ ನಡುವೆ ಸಾಫ್ಟ್‌ವೇರ್ ಎಷ್ಟು ಸಲ ಬದಲಾಗಿರುತ್ತದೆ! ಮೊದಲ ವರ್ಷ ಓಡಿದ ಕಾರು, ಕೊನೆಯ ವರ್ಷ ಓಡಿದ ಕಾರು ಒಂದೇ ಅಲ್ಲ.

ಎಲ್ಲಿ ಓಡಿತು ಅನ್ನುವುದೂ ಮುಖ್ಯ. ಒಣ ಹೆದ್ದಾರಿಯ ಕಿಲೋಮೀಟರನ್ನು ಊರೊಳಗಿನ ಮಳೆ ರಾತ್ರಿಯ ಕಿಲೋಮೀಟರಿಗೆ ಹೋಲಿಸಲು ಬರುವುದಿಲ್ಲ. ಸರಿಯಾದ ಹೋಲಿಕೆ ಆಗುವುದೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ತಾನೇ ಓಡುವ ಟ್ಯಾಕ್ಸಿ ನಡೆಸುವ ವೇಮೋ ಕಂಪನಿಯ ಚಾಲಕರಿಲ್ಲದ ಕಾರುಗಳು ಓಡಿದ 2.53 ಕೋಟಿ ಮೈಲಿಯನ್ನು ಸ್ವಿಸ್ ರೀ ಎಂಬ, ವಿಮಾ ಕಂಪನಿಗಳಿಗೇ ವಿಮೆ ಮಾಡುವ ಕಂಪನಿ 2024ರಲ್ಲಿ ಪರಿಶೀಲಿಸಿತು. ಅದೇ ಪ್ರದೇಶಗಳಲ್ಲಿ ಜನ ಓಡಿಸುವ ಕಾರುಗಳಿಗೆ ಹೋಲಿಸಿದರೆ, ಗಾಯಕ್ಕೆ ಸಂಬಂಧಿಸಿದ ವಿಮಾ ಕ್ಲೇಮುಗಳು ನೂರಕ್ಕೆ 92ರಷ್ಟು ಕಡಿಮೆ. ವೇಮೋದವರೂ ಜೊತೆಗಿದ್ದು ಮಾಡಿದ ಅಧ್ಯಯನ ಅದು, ಈ ಮಾತನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ನನಗೆ ಅದು ಹಿಡಿಸಿತು. ಒಂದೇ ಪ್ರದೇಶ, ಹೋಲಿಸಲು ಒಂದೇ ಅಳತೆಗೋಲು. ಫಲಿತಾಂಶವೂ ನಿಜಕ್ಕೂ ಸಂತೋಷದ್ದು. ಸಾವಿನ ಬಗ್ಗೆ ಮಾತಾಡಲು ಮಾತ್ರ ಅಷ್ಟು ದೂರ ಸಾಲದು.

ಅಪಘಾತ ಆಗುವವರೆಗೆ ಕಾಯದೆ, ಕೂದಲೆಳೆಯಲ್ಲಿ ತಪ್ಪಿದ್ದನ್ನು ಎಣಿಸುವ ದಾರಿಯೂ ಇದೆ. ಎರಡು ವಾಹನ ಹೀಗೇ ಹೋದರೆ ಎಷ್ಟು ಸೆಕೆಂಡಿನಲ್ಲಿ ಡಿಕ್ಕಿಯಾಗುತ್ತದೆ, ಎಷ್ಟು ಜೋರಾಗಿ ಬ್ರೇಕ್ ಹಾಕಬೇಕಾಯಿತು, ಇಂಥವು. ನನ್ನ ದಿನದ ಕೆಲಸ ಇದೇ. ಒಂದು ವಿಡಿಯೋ ಹೇಳುತ್ತೇನೆ ಕೇಳಿ. ಪರೀಕ್ಷಾ ಕಾರು ಎರಡು ಲೇನಿನ ರಸ್ತೆಯಲ್ಲಿ ಹದವಾದ ವೇಗದಲ್ಲಿ ಹೋಗುತ್ತಿದೆ. ಎಡಗಡೆ ಮರದ ನೆರಳು ಗಾಳಿಗೆ ಅಲ್ಲಾಡುತ್ತದೆ. ಕಾರು ಅದನ್ನು ಅಡ್ಡಿ ಅಂದುಕೊಂಡು ಗಕ್ಕನೆ ನಿಲ್ಲುತ್ತದೆ. ಕಾರಿನ ದಾಖಲೆಯಲ್ಲಿ ಇದು ‘ಸುರಕ್ಷಿತವಾಗಿ ನಿಂತಿತು’ ಅಂತ ಬಂದಿದೆ. ಮುಂದೆ ಯಾರೂ ಇಲ್ಲ, ಡಿಕ್ಕಿ ಇಲ್ಲ, ನಿಯಮ ಮುರಿದಿಲ್ಲ. ಹಿಂಬದಿಯ ಕ್ಯಾಮೆರಾ ತೆರೆದು ನೋಡಿದೆ. ಹಿಂದೆ ಬರುತ್ತಿದ್ದ ಬೈಕಿನವನು ಹ್ಯಾಂಡಲ್ ತಿರುಗಿಸಿ ಎದುರು ಲೇನಿಗೆ ನುಗ್ಗಿದ್ದಾನೆ. ಹಿಂದೆ ಕೂತ ಹೆಂಗಸು ಅವನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಎದುರಿಂದ ಆ ಕ್ಷಣ ಏನೂ ಬರಲಿಲ್ಲ. ಬೈಕು ಮತ್ತೆ ತನ್ನ ಲೇನಿಗೆ ಬಂತು, ಹೋಯಿತು. ಮುಂದಿನ ಕ್ಯಾಮೆರಾ, ಸೆನ್ಸರ್ ಮಾತ್ರ ನೋಡಿದ್ದರೆ ಈ ಘಟನೆ ಯಾವ ವರದಿಗೂ ಬರುತ್ತಿರಲಿಲ್ಲ. ಬಿದ್ದಿದ್ದರೂ ‘ಹಿಂದಿನವರು ಅಂತರ ಕಾಯಲಿಲ್ಲ’ ಅಂತ ಬರೆದು ಮುಗಿಸುತ್ತಿದ್ದರು.

ನನ್ನ ಜಗಳ ಎಲ್ಲ ಇದರ ಬಗ್ಗೆಯೇ. ಕಾರಿನ ಒಳಗೆ ಕೂತು ರಸ್ತೆಯನ್ನು ಅಳೆಯುತ್ತಾರೆ. ಆ ಕಾರನ್ನು ಕೊಳ್ಳದವರು, ಕೇಳದವರು, ಪಕ್ಕದಲ್ಲಿ ಸುಮ್ನೆ ಹೋಗುತ್ತಿದ್ದವರು ಲೆಕ್ಕದ ಹೊರಗೆ ಉಳಿಯುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ರಸ್ತೆಯಲ್ಲಿ ಸಾಯುವ ಸುಮಾರು 11.9 ಲಕ್ಷ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ನಡೆಯುವವರು, ಸೈಕಲ್ ಮತ್ತು ಬೈಕಿನವರು. ಇದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕ.

ಪ್ರಶ್ನೆ: ನನ್ನ ಹೊಸ ಕಾರು ತಾನೇ ಲೇನ್ ಹಿಡಿದು ಹೋಗುತ್ತದೆ, ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುತ್ತದೆ. ಮಗ ಅದನ್ನು ಆನ್ ಮಾಡಿ ಮೊಬೈಲ್ ನೋಡುತ್ತಾನೆ. ಬೈದರೆ ‘ಕಾರೇ ನೋಡ್ಕೊಳ್ಳುತ್ತೆ ಅಪ್ಪಾ’ ಅನ್ನುತ್ತಾನೆ.

ಉತ್ತರ: ಇವತ್ತೇ ನಿಲ್ಲಿಸಿ. ವಾಹನ ಇಂಜಿನಿಯರುಗಳ ಎಸ್‌ಎಇ ಸಂಸ್ಥೆ ಸೊನ್ನೆಯಿಂದ ಐದರವರೆಗೆ ಹಂತಗಳನ್ನು ಮಾಡಿದೆ. ನಿಮ್ಮದು ಎರಡನೇ ಹಂತ. ಅಲ್ಲಿ ಕಾರು ನೆರವಾಗುತ್ತದೆ ಅಷ್ಟೇ, ಓಡಿಸುವವನು ನಿಮ್ಮ ಮಗನೇ. ಮೂರನೇ ಹಂತದಿಂದ ಆಚೆಗೆ ಮಾತ್ರ ಕಣ್ಣು ಬೇರೆ ಕಡೆ ಇಡಬಹುದು. ಮೂರನೇ ಹಂತದಲ್ಲೂ ಕಾರು ‘ಈಗ ನೀವು ಹಿಡಿಯಿರಿ’ ಅಂದಾಗ ತಕ್ಷಣ ಸ್ಟೀರಿಂಗ್‌ಗೆ ಬರಬೇಕು. ಹೆದ್ದಾರಿಯಲ್ಲಿ ತಾನೇ ಓಡುವ ಇಂಥ ಕಾರುಗಳಿಗೆ ವಿಶ್ವಸಂಸ್ಥೆಯ 157ನೇ ನಿಯಮ ಇದಕ್ಕೆ ಕನಿಷ್ಠ 10 ಸೆಕೆಂಡ್ ಇಟ್ಟಿದೆ.

ನಿಮ್ಮ ಮಗನೊಬ್ಬನ ಸ್ವಭಾವ ಅಲ್ಲ ಇದು. ನೆರವು ಸಿಕ್ಕರೆ ಮನುಷ್ಯರ ನಡವಳಿಕೆ ಬದಲಾಗುತ್ತದೆ. 1980ರ ದಶಕದಲ್ಲಿ ಮ್ಯೂನಿಕ್‌ನ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಬ್ರೇಕ್) ಹಾಕಿ, ಕೆಲವನ್ನು ಹಾಗೇ ಬಿಟ್ಟು ನೋಡಿದರು. ಬ್ರೇಕ್ ನಿಜಕ್ಕೂ ಉತ್ತಮವಾಗಿತ್ತು. ಆದರೆ ಒಟ್ಟು ಅಪಘಾತ ಕಡಿಮೆಯಾಗಲಿಲ್ಲ. ಎಬಿಎಸ್ ಇದ್ದವರು ಹೆಚ್ಚು ಬಿರುಸಾಗಿ ಓಡಿಸತೊಡಗಿದ್ದರು.

ನಾನು ಮಾತಾಡಿಸಿದ ಚಾಲಕರಲ್ಲೂ ಇದನ್ನೇ ಕಂಡೆ. ಮೊದಲ ವಾರ ಕೈ ಸ್ಟೀರಿಂಗ್ ಬಿಟ್ಟಿರುವುದಿಲ್ಲ, ಕಣ್ಣು ರಸ್ತೆ ಬಿಟ್ಟಿರುವುದಿಲ್ಲ. ಕೆಲವು ತಿಂಗಳಾದ ಮೇಲೆ ಅದೇ ಮನುಷ್ಯರು ಹಿಂದಿನ ಸೀಟಿನ ಚೀಲಕ್ಕೆ ಕೈ ಹಾಕುತ್ತಾರೆ. ಮೊದಲ ವಾರವಷ್ಟೇ ಅಳೆದು ‘ಚಾಲಕರ ಗಮನ ಕಡಿಮೆಯಾಗಿಲ್ಲ’ ಅಂತ ಬರೆದ ವರದಿಗೆ ನನ್ನ ಮಟ್ಟಿಗೆ ಬೆಲೆ ಇಲ್ಲ.

ಪ್ರಶ್ನೆ: ಅಮ್ಮನಿಗೆ ಎಂಬತ್ತು ದಾಟಿದೆ. ಆಸ್ಪತ್ರೆಗೆ, ತಂಗಿ ಮನೆಗೆ ಹೋಗಲು ಯಾರಾದರೂ ಬಿಡುವಾಗುವವರೆಗೆ ಕಾಯುತ್ತಾರೆ. ಇಂಥ ಕಾರು ಬಂದರೆ ಅವರಿಗೆ ಎಷ್ಟು ಅನುಕೂಲ! ಟ್ರಾಫಿಕ್ಕೂ ಕಡಿಮೆಯಾಗುತ್ತದಂತೆ, ನಿಜವೇ?

ಉತ್ತರ: ಮೊದಲನೆಯದು ನಿಜ. ಎರಡನೆಯದು ಹಾಗೇ ಆಗುತ್ತದೆ ಅಂತ ಹೇಳಲು ಬಾರದು, ಉಲ್ಟಾ ಆಗುವ ಸಂಭವವೇ ಜಾಸ್ತಿ. ಈ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಅದಕ್ಕೇ ನಿಮ್ಮ ಪತ್ರ ನನಗೆ ಬಹಳ ಇಷ್ಟವಾಯಿತು.

ಚಾಲಕರಿಲ್ಲದ ಸ್ವಂತ ಕಾರು ಇನ್ನೂ ಮನೆಮನೆಗೆ ಬಂದಿಲ್ಲ. ಬಂದರೆ ಜನ ಹೇಗೆ ಬಳಸುತ್ತಾರೆ ಅಂತ ತಿಳಿಯುವುದು ಹೇಗೆ? ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಜಾಣ ಉಪಾಯ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 13 ಮಂದಿಗೆ ಒಂದು ವಾರ ಉಚಿತವಾಗಿ ಡ್ರೈವರ್ ಕೊಟ್ಟರು. ವಾರಕ್ಕೆ 60 ಗಂಟೆ ಅವನು ನಿಮ್ಮವನು. ನೀವಿಲ್ಲದೆಯೂ ಕಾರನ್ನು ಎಲ್ಲಿಗಾದರೂ ಕಳಿಸಬಹುದು. ತಾನೇ ಓಡುವ ಕಾರು ಇದ್ದ ಹಾಗೇ ಆಯಿತಲ್ಲ. ಅದಕ್ಕೆ ಮುಂಚಿನ ವಾರ, ನಂತರದ ವಾರದ ಓಡಾಟವನ್ನೂ ದಾಖಲಿಸಿ ಹೋಲಿಸಿದರು. 2018ರಲ್ಲಿ ಬಂದ ಫಲಿತಾಂಶ ಇದು: ಕಾರು ಓಡಿದ ದೂರ ನೂರಕ್ಕೆ 83ರಷ್ಟು ಹೆಚ್ಚಿತು. ಹೆಚ್ಚಿದ ದೂರದಲ್ಲಿ ಸುಮಾರು ಐದನೇ ಒಂದು ಭಾಗ, ಮನೆಯವರು ಯಾರೂ ಇಲ್ಲದೆ ಡ್ರೈವರ್ ಒಬ್ಬನೇ ಕಾರು ಓಡಿಸಿದ್ದು. ಅತಿ ಜಾಸ್ತಿ ಹೆಚ್ಚಿದ್ದು ನಿವೃತ್ತರ ಓಡಾಟ.

13 ಜನ ಬಹಳ ಕಡಿಮೆ. ಒಂದು ವಾರವೂ ಕಡಿಮೆ, ಹೊಸದರ ಹುರುಪು ಬೇರೆ. ಅಂಕಿಯನ್ನು ಹಾಗೇ ಬೇರೆ ಕಡೆಗೆ ಎತ್ತಿಕೊಂಡು ಹೋಗಬಾರದು. ಆದರೆ ದಿಕ್ಕು ಮಾತ್ರ ಸ್ಪಷ್ಟ.

ಲಿಸ್ಬನ್ ನಗರವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಂಡು ಮಾಡಿದ ಇನ್ನೊಂದು ಅಧ್ಯಯನವಿದೆ. ಅಂತರರಾಷ್ಟ್ರೀಯ ಸಾರಿಗೆ ವೇದಿಕೆ 2015ರಲ್ಲಿ ಅದನ್ನು ಪ್ರಕಟಿಸಿತು. ಜನ ಒಂದೇ ಕಾರಿನಲ್ಲಿ ಜೊತೆಯಾಗಿ ಪ್ರಯಾಣಿಸಿದರೆ, ಮೆಟ್ರೋ ಕೂಡ ಚೆನ್ನಾಗಿ ಓಡುತ್ತಿದ್ದರೆ, ಈಗಿರುವ ಹತ್ತು ಕಾರಿನಲ್ಲಿ ಒಂಬತ್ತು ಬೇಕೇ ಇಲ್ಲ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆಗಲೂ ರಸ್ತೆಯ ಮೇಲಿನ ಒಟ್ಟು ಕಿಲೋಮೀಟರ್ ನೂರಕ್ಕೆ 6ರಷ್ಟು ಹೆಚ್ಚುತ್ತದೆ. ಜನ ಜೊತೆಯಾಗಿ ಹೋಗದೆ ಒಬ್ಬರಾದ ಮೇಲೆ ಒಬ್ಬರು ಕಾರು ಬಳಸಿದರೆ, ಮೆಟ್ರೋವೂ ಇಲ್ಲದಿದ್ದರೆ, ಹೆಚ್ಚಳ ನೂರಕ್ಕೆ 89. ತಂತ್ರಜ್ಞಾನ ಎರಡೂ ಕಡೆ ಒಂದೇ. ಕಾರು ಹಂಚಿಕೊಳ್ಳುತ್ತಾರೋ ಇಲ್ಲವೋ, ಮೆಟ್ರೋ ಇದೆಯೋ ಇಲ್ಲವೋ ಅನ್ನುವುದರಲ್ಲೇ ಅಷ್ಟು ವ್ಯತ್ಯಾಸ.

ನನ್ನ ಬೇಸರ ಇಲ್ಲಿ ಬೇರೆಯೇ. ಮೌಲ್ಯಮಾಪನದ ವರದಿಗಳು ಇಷ್ಟನ್ನೂ ‘ವಾಹನ ಕಿಲೋಮೀಟರ್’ ಅಂತ ಒಂದೇ ಕಾಲಮಿಗೆ ತುಂಬುತ್ತವೆ. ನಿಮ್ಮ ಅಮ್ಮ ತಂಗಿಯನ್ನು ನೋಡಲು ಹೋದ ಹತ್ತು ಕಿಲೋಮೀಟರ್, ಪಾರ್ಕಿಂಗ್ ದುಡ್ಡು ಉಳಿಸಲು ಖಾಲಿ ಕಾರು ಸುತ್ತು ಹಾಕಿದ ಹತ್ತು ಕಿಲೋಮೀಟರ್, ಎರಡೂ ಅಲ್ಲಿ ಸಮ. ಟ್ರಾಫಿಕ್ ಜಾಮ್‌ಗೆ ಎರಡೂ ಒಂದೇ ಇರಬಹುದು, ಒಪ್ಪಿದೆ. ಜನರ ಬದುಕಿಗೆ ಒಂದೇ ಅಲ್ಲವಲ್ಲ. ಯಾರು ಹೋದರು, ಏಕೆ ಹೋದರು, ಮುಂಚೆ ಹೋಗಲಾಗದೆ ಉಳಿದಿದ್ದ ಪ್ರಯಾಣವೇ ಇದು ಅಥವಾ ಅಲ್ಲವೇ, ಇದನ್ನೆಲ್ಲ ಕೇಳಿ ಬೇರೆ ಕಾಲಮಿನಲ್ಲಿ ಬರೆಯಬೇಕು. ಆಗ ಖಾಲಿ ಓಡಾಟಕ್ಕೆ ಶುಲ್ಕ ಹಾಕಿ, ಅಮ್ಮನ ಓಡಾಟವನ್ನು ಉಳಿಸಿಕೊಳ್ಳುವ ನಿಯಮ ಮಾಡಲು ಸಾಧ್ಯ. ಎರಡನ್ನೂ ಕಲಸಿದ ಲೆಕ್ಕ ಇಟ್ಟುಕೊಂಡು ನಿಯಮ ಮಾಡಿದರೆ ಪೆಟ್ಟು ಬೀಳುವುದು ಅಮ್ಮನಿಗೇ.

ಪ್ರಶ್ನೆ: ಇಂಧನ ಉಳಿಯುತ್ತದೆಯೇ?

ಉತ್ತರ: ಒಂದು ಕಾರನ್ನು ನೋಡಿದರೆ ಉಳಿಯಬಹುದು, ಹದವಾಗಿ ಓಡಿಸುತ್ತದೆ. ಒಟ್ಟು ರಸ್ತೆಯನ್ನು ನೋಡಿದರೆ ಗೊತ್ತಿಲ್ಲದ ವ್ಯಾಪ್ತಿ ದೊಡ್ಡದು. ವದೂದ್, ಮೆಕೆಂಜಿ, ಲೀಬಿ ಎಂಬ ಸಂಶೋಧಕರು 2016ರಲ್ಲಿ ಅಮೆರಿಕದ ಲೆಕ್ಕ ಹಾಕಿದಾಗ, ರಸ್ತೆ ಸಾರಿಗೆಯ ಇಂಧನ ಬಳಕೆ ಹೆಚ್ಚುಕಮ್ಮಿ ಅರ್ಧಕ್ಕೂ ಇಳಿಯಬಹುದು, ಎರಡು ಪಟ್ಟಿಗೂ ಏರಬಹುದು ಅಂತ ಬಂತು. ಮೇಲಿನ ಉತ್ತರದಲ್ಲಿ ಹೇಳಿದ ಓಡಾಟವೇ ಇದರಲ್ಲೂ ದೊಡ್ಡ ಪಾತ್ರ ವಹಿಸುತ್ತದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ವಾಹನಗಳು ಒಂದಕ್ಕೊಂದು ರೇಡಿಯೋ ಸಂದೇಶ ಕಳಿಸಿಕೊಳ್ಳುವುದರಿಂದ ನಿಜವಾಗಿ ಎಷ್ಟು ಲಾಭ? ಸೆನ್ಸರುಗಳೇ ಸಾಲದೇ?

ಉತ್ತರ: ಸೆನ್ಸರಿಗೆ ಕಾಣುವುದು ಎದುರಿಗಿರುವುದು ಮಾತ್ರ. ತಿರುವಿನ ಆಚೆ ನಿಂತ ಲಾರಿ, ನಾಲ್ಕು ಗಾಡಿ ಮುಂದೆ ಹಾಕಿದ ಬ್ರೇಕ್, ಇನ್ನೆಷ್ಟು ಹೊತ್ತಿಗೆ ಸಿಗ್ನಲ್ ಹಸಿರಾಗುತ್ತದೆ, ಇವು ಸಂದೇಶದಿಂದಲೇ ಗೊತ್ತಾಗಬೇಕು.

ಆದರೆ ಒಂದು ಸಣ್ಣ ಗಣಿತ ಮಾಡಿ ನೋಡಿ. ಕಾರಿನಿಂದ ಕಾರಿಗೆ ಸಂದೇಶ ಹೋಗಬೇಕಾದರೆ ಎರಡರಲ್ಲೂ ಉಪಕರಣ ಇರಬೇಕು. ನೂರರಲ್ಲಿ 10 ಕಾರಿಗೆ ಉಪಕರಣ ಇದ್ದರೆ, ಎದುರಾಗುವ ಜೋಡಿಗಳಲ್ಲಿ ಎರಡರಲ್ಲೂ ಇರುವುದು ನೂರಕ್ಕೆ ಒಂದು ಮಾತ್ರ. 30 ಇದ್ದರೆ 9. ಅರ್ಧದಷ್ಟು ಕಾರಿಗೆ ಹಾಕಿದರೂ 25. ಮೊದಲು ಕೊಂಡವರಿಗೆ ಲಾಭವೇ ಕಾಣುವುದಿಲ್ಲ, ಹಾಗಾಗಿ ಮುಂದಿನವರು ಕೊಳ್ಳುವುದಿಲ್ಲ. ರಸ್ತೆ ಬದಿಯ ಕಂಬದಿಂದ ಬರುವ ಸಂದೇಶಕ್ಕೆ ಈ ತೊಂದರೆ ಇಲ್ಲ. ರಸ್ತೆ ಕಾಮಗಾರಿಯ ಎಚ್ಚರಿಕೆ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಹಣ ಮೊದಲು ಅಲ್ಲಿಗೆ ಹೋಗಬೇಕು.

ಟ್ರಾಫಿಕ್ ಹರಿವಿನ ವಿಷಯ ಇನ್ನೂ ಸೊಗಸು. 2008ರಲ್ಲಿ ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಓಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಸಿಗ್ನಲ್ ಇಲ್ಲ, ಅಡ್ಡಿ ಇಲ್ಲ, ಎಲ್ಲರೂ ಒಂದೇ ವೇಗದಲ್ಲಿ ಹೋಗಿ ಅಂತ ಹೇಳಿದ್ದರು. ಸ್ವಲ್ಪ ಹೊತ್ತಿಗೇ ಜಾಮ್ ತಾನಾಗಿ ಹುಟ್ಟಿ ಹಿಮ್ಮುಖವಾಗಿ ಚಲಿಸತೊಡಗಿತು. ಒಬ್ಬರು ಚೂರು ಬ್ರೇಕ್ ಹಾಕಿದರೆ ಹಿಂದಿನವರು ಇನ್ನೂ ಚೂರು ಹೆಚ್ಚು ಹಾಕುತ್ತಾರೆ, ಅಷ್ಟೇ ಕಾರಣ. ಅರಿಜೋನಾದಲ್ಲಿ ಇದೇ ತರಹದ ವೃತ್ತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರಿನ ನಡುವೆ ಯಂತ್ರ ನಿಯಂತ್ರಿಸುವ ಒಂದೇ ಒಂದು ಕಾರು ಬಿಟ್ಟರು. ಆ ಅಲೆ ಅಡಗಿತು. 2018ರಲ್ಲಿ ಆ ಪ್ರಬಂಧ ಬಂದಾಗ ನಮ್ಮ ತಂಡದಲ್ಲಿ ದಿನವಿಡೀ ಅದೇ ಮಾತು.

ಹಾಗಂತ ಮಾರುಕಟ್ಟೆಯಲ್ಲಿ ಸಿಗುವ ಕಾರುಗಳು ಹಾಗೆ ಮಾಡುತ್ತವೆ ಅಂದುಕೊಳ್ಳಬೇಡಿ. ಮುಂದಿನ ಗಾಡಿ ನೋಡಿ ವೇಗ ಹೊಂದಿಸುವ ಕ್ರೂಸ್ ಕಂಟ್ರೋಲ್ ಇರುವ ಹಲವು ಕಾರುಗಳನ್ನು ಸಾಲಾಗಿ ಪರೀಕ್ಷಿಸಿದಾಗ, ಅವು ಬ್ರೇಕಿನ ಅಲೆಯನ್ನು ಹಿಂದಕ್ಕೆ ಹೋದಂತೆ ದೊಡ್ಡದು ಮಾಡುತ್ತಿದ್ದವು. ಕ್ಯಾಲಿಫೋರ್ನಿಯಾದ ಶ್ಲಾಡೋವರ್ ತಂಡ 2012ರಲ್ಲಿ ಲೆಕ್ಕ ಹಾಕಿದ್ದೂ ಇದಕ್ಕೆ ಹೊಂದುತ್ತದೆ. ಬರೀ ಸೆನ್ಸರ್ ನಂಬಿದ ಕ್ರೂಸ್ ಕಂಟ್ರೋಲಿನಿಂದ ಹೆದ್ದಾರಿಯ ಸಾಮರ್ಥ್ಯ ಹೆಚ್ಚೇನೂ ಬದಲಾಗದು. ಜೊತೆಗೆ ಸಂದೇಶವೂ ಸೇರಿ, ಎಲ್ಲ ಕಾರಿನಲ್ಲೂ ಇದ್ದರೆ, ಒಂದು ಲೇನಿನಲ್ಲಿ ಗಂಟೆಗೆ ಹಾದುಹೋಗುವ ಕಾರುಗಳ ಸಂಖ್ಯೆ ಸುಮಾರು 2000 ಇದ್ದದ್ದು 4000ದ ಹತ್ತಿರ ಹೋಗಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಲಾಭ ದೊಡ್ಡದು, ಆದರೆ ಬಹುಪಾಲು ಬರುವುದು ತಡವಾಗಿ. ನಡುವಿನ ವರ್ಷಗಳಲ್ಲಿ ಹಳೆಯ ಗಾಡಿ, ಹೊಸ ಗಾಡಿ ಬೆರೆತು ಓಡುವಾಗ ಏನಾಗುತ್ತದೆ ಅನ್ನುವುದೇ ಅಳೆಯಬೇಕಾದದ್ದು. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇದನ್ನೇ ಹಿಡಿಯಿರಿ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುತ್ತೇನೆ. ನಿಮ್ಮ ಲೆಕ್ಕದಲ್ಲಿ ನಾವು ಎಲ್ಲಿ ಬರುತ್ತೇವೆ, ಮೇಡಂ?

ಉತ್ತರ: ಸಿಟ್ಟಿನಿಂದ ಕೇಳಿದ್ದೀರಿ, ಕೇಳಲೇಬೇಕಾದದ್ದನ್ನೇ ಕೇಳಿದ್ದೀರಿ. ನಾನು ಓದಿದ ಎಷ್ಟೋ ಲಾಭ–ವೆಚ್ಚದ ವರದಿಗಳಲ್ಲಿ ನೀವು ಬರುವುದು ಲಾಭದ ಪಟ್ಟಿಯಲ್ಲಿ. ‘ಚಾಲಕರ ವೇತನ ಉಳಿತಾಯ’ ಅಂತ. ಆ ಉಳಿತಾಯ ಒಂದು ಮನೆಯ ಆದಾಯವಾಗಿತ್ತು ಅನ್ನುವ ಸಾಲು ಎದುರಿನ ಪಟ್ಟಿಯಲ್ಲಿ ಇರುವುದಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ. ಪರಿಶೀಲನೆಗೆ ಬಂದ ವರದಿಗಳಲ್ಲಿ ಈ ಸಾಲನ್ನು ಸೇರಿಸಿ ಅಂತ ಬರೆದು ವಾಪಸ್ ಕಳಿಸುತ್ತೇನೆ.

ಚಾಲಕ ಹೋದರೂ ಅವರ ಕೆಲಸವೆಲ್ಲ ಹೋಗುವುದಿಲ್ಲ. ದೂರದಲ್ಲಿ ಕೂತು ಸಿಕ್ಕಿಬಿದ್ದ ಗಾಡಿಗೆ ದಾರಿ ತೋರಿಸುವವರು, ಗಾಡಿ ತೊಳೆಯುವವರು, ಚಾರ್ಜ್ ಮಾಡುವವರು ಬೇಕು. ಅವರ ಸಂಬಳ ಎಷ್ಟು, ಆ ಕೆಲಸ ಟ್ಯಾಕ್ಸಿ ಓಡಿಸುತ್ತಿದ್ದವರಿಗೇ ಸಿಗುತ್ತದೆಯೇ? ಗಾಲಿಕುರ್ಚಿ ಮಡಚಿ ಡಿಕ್ಕಿಗೆ ಇಡುವುದು, ರಾತ್ರಿ ಒಬ್ಬಂಟಿ ಹುಡುಗಿಯನ್ನು ಬಾಗಿಲವರೆಗೆ ಬಿಟ್ಟು ದೀಪ ಹತ್ತುವವರೆಗೆ ಕಾಯುವುದು, ಇವನ್ನು ಇನ್ನು ಯಾರು ಮಾಡುತ್ತಾರೆ? ಪರೀಕ್ಷೆ ನಡೆಯುವಾಗಲೇ ಇವನ್ನೂ ಬರೆದಿಡಬೇಕು. ನಿಮ್ಮ ಚಾಲಕರ ಸಂಘ ಅದನ್ನು ಲಿಖಿತವಾಗಿ ಕೇಳಲಿ, ಈಗಲೇ.

ಪ್ರಶ್ನೆ: ನಾನು ನಗರಸಭೆ ಸದಸ್ಯೆ. ಚಾಲಕರಿಲ್ಲದ ಗಾಡಿಯನ್ನು ಪ್ರಯೋಗಕ್ಕೆ ಓಡಿಸಲು ಕಂಪನಿಯೊಂದು ಅನುಮತಿ ಕೇಳಿದೆ. ತಾಂತ್ರಿಕ ವಿಷಯ ನನಗೆ ಅಷ್ಟು ತಿಳಿಯದು. ಏನು ಕೇಳಲಿ?

ಉತ್ತರ: ತಾಂತ್ರಿಕ ಜ್ಞಾನ ಬೇಕಿಲ್ಲ, ಗಟ್ಟಿತನ ಬೇಕು. ಮೊದಲು ಇದನ್ನು ಕೇಳಿ: ಈ ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ? ಯುರೋಪಿನಲ್ಲಿ ಇಂಥ ರಸ್ತೆ ಪ್ರಯೋಗಗಳಿಗೆಂದೇ 2008ರಲ್ಲಿ ಫೆಸ್ಟಾ ಎಂಬ ಕೈಪಿಡಿ ಮಾಡಿದರು. ಅದರ ಕ್ರಮ ಸರಳ. ಮೊದಲು ಪ್ರಶ್ನೆ, ಆಮೇಲೆ ಊಹೆ, ಆಮೇಲೆ ಯಾವುದನ್ನು ಅಳೆಯಬೇಕು ಅನ್ನುವ ತೀರ್ಮಾನ, ಗಾಡಿ ಓಡಿಸುವುದು ಅದಾದ ನಂತರ. ಎಷ್ಟೋ ಕಡೆ ಮೊದಲು ಗಾಡಿ ಓಡಿಸಿ, ಸಿಕ್ಕ ಡೇಟಾದಲ್ಲಿ ಚೆನ್ನಾಗಿ ಕಾಣುವುದನ್ನು ಆಮೇಲೆ ಆರಿಸುತ್ತಾರೆ. ಪ್ರಶ್ನೆಗಳನ್ನು ಅನುಮತಿ ಪತ್ರದಲ್ಲೇ ಬರೆಸಿಕೊಳ್ಳಿ.

ಎರಡನೆಯದು, ಮುಂಚಿನ ಸ್ಥಿತಿಯ ದಾಖಲೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗಾಡಿ ಇಳಿಯುವ ಮುಂಚೆ ಅದೇ ರಸ್ತೆಯಲ್ಲಿ ವೇಗ ಎಷ್ಟಿತ್ತು, ಜನ ರಸ್ತೆ ದಾಟಲು ಎಷ್ಟು ಹೊತ್ತು ಕಾಯುತ್ತಿದ್ದರು, ಜೋರು ಬ್ರೇಕ್ ಎಷ್ಟು ಬೀಳುತ್ತಿತ್ತು, ಬಸ್ಸಿಗೆ ಎಷ್ಟು ಮಂದಿ ಹತ್ತುತ್ತಿದ್ದರು. ಗಾಡಿ ಓಡಲು ಶುರುವಾದ ಮೇಲೆ ಇದನ್ನು ಹಿಂದಕ್ಕೆ ಹೋಗಿ ಅಳೆಯಲು ಆಗುವುದಿಲ್ಲ. ಚಾಲಕರಿಗೆ ನೆರವಾಗುವ ವ್ಯವಸ್ಥೆಗಳನ್ನು ರಸ್ತೆಯಲ್ಲಿ ಪರೀಕ್ಷಿಸಿದ ಯುರೋಪಿನ ಯೂರೋಫಾಟ್ ಪ್ರಯೋಗದಲ್ಲಿ ಚಾಲಕರಿಗೆ ಕಾರು ಕೊಟ್ಟರೂ, ಮೊದಲ ಕೆಲವು ತಿಂಗಳು ಹೊಸ ವ್ಯವಸ್ಥೆಯನ್ನು ಬಂದ್ ಮಾಡಿಟ್ಟು ಅವರ ಮಾಮೂಲಿ ಓಡಾಟವನ್ನೇ ದಾಖಲಿಸಿದ್ದರು. ಅಷ್ಟು ತಾಳ್ಮೆ ಬೇಕು. ಪ್ರಯೋಗ ಮಳೆಗಾಲದಲ್ಲಿ ನಡೆಯುವುದಾದರೆ ಹಿಂದಿನ ಮಳೆಗಾಲದ ದಾಖಲೆಯೇ ಬೇಕು.

ಡೇಟಾ ಯಾರ ಕೈಯಲ್ಲಿರುತ್ತದೆ ಅಂತಲೂ ಕೇಳಿ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರಿಗೆ ಸಿಕ್ಕಿ ಎಸೆಯಲ್ಪಟ್ಟ ಮಹಿಳೆ ಕ್ರೂಸ್ ಕಂಪನಿಯ ಚಾಲಕರಿಲ್ಲದ ಕಾರಿನ ಮುಂದೆ ಬಿದ್ದರು. ಕಾರು ಆಕೆಗೆ ಡಿಕ್ಕಿ ಹೊಡೆದು ನಿಂತಿತು. ಆಮೇಲೆ ಬದಿಗೆ ಸರಿಯಲು ಹೋಗಿ ಆಕೆಯನ್ನು ಸುಮಾರು 6 ಮೀಟರ್ ಎಳೆದುಕೊಂಡು ಹೋಯಿತು. ಎಳೆದ ಭಾಗದ ವಿಷಯ ಸರಿಯಾಗಿ ತಿಳಿಸಲಿಲ್ಲ ಎಂಬ ಆಕ್ಷೇಪವೂ ಸೇರಿ, ಅದೇ ತಿಂಗಳು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಆ ಕಂಪನಿಯ ಪರವಾನಗಿ ಅಮಾನತು ಮಾಡಿತು. ಘಟನೆಯ ಪೂರ್ತಿ ವಿಡಿಯೋ, ಮುಂದಿನದೂ ಹಿಂದಿನದೂ, ಕಂಪನಿ ಆರಿಸಿ ಕೊಡುವ ತುಣುಕಲ್ಲ, ನಗರಸಭೆಗೆ ಇಂತಿಷ್ಟು ಗಂಟೆಯೊಳಗೆ ಸಿಗಬೇಕು ಅಂತ ಷರತ್ತು ಹಾಕಿ.

ಏನೇನು ಅಳೆಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯುರೋಪ್, ಅಮೆರಿಕ, ಜಪಾನ್ ಮೂವರೂ ಸೇರಿ 2018ರಲ್ಲಿ ಒಂದು ಚೌಕಟ್ಟು ಹೊರತಂದಿದ್ದಾರೆ. ಸುರಕ್ಷತೆ, ಹೊಗೆ, ಓಡಾಟ, ಆರೋಗ್ಯ, ಭೂ ಬಳಕೆ, ಆರ್ಥಿಕ ಪರಿಣಾಮ, ಎಲ್ಲ ಅದರಲ್ಲಿವೆ. ಎಲ್ಲವನ್ನೂ ಒಂದು ನಗರಸಭೆ ಅಳೆಯಲು ಆಗದು. ನೀವು ಮೂರನ್ನು ಹಿಡಿದುಕೊಳ್ಳಿ: ಪಾದಚಾರಿಗಳು ಕಾಯುವ ಹೊತ್ತು, ಹಿಂದೆ ಬರುವ ವಾಹನಗಳು ಗಕ್ಕನೆ ಹಾಕುವ ಬ್ರೇಕ್, ಖಾಲಿ ಓಡಿದ ಕಿಲೋಮೀಟರ್. ಮೊದಲೆರಡಕ್ಕೆ ಎರಡು ಕಂಬದ ಮೇಲೆ ಕ್ಯಾಮೆರಾ ಸಾಕು, ಮೂರನೆಯದನ್ನು ಕಂಪನಿಯ ದಾಖಲೆಯಿಂದಲೇ ಕೇಳಿ. ಕ್ಯಾಮೆರಾವನ್ನು ಅನುಮತಿಯ ಸಭೆಗೆ ಮುಂಚೆಯೇ ಹಾಕಿಸಿ. ಅನುಮತಿ ಕೊಟ್ಟರೂ ಕೊಡದಿದ್ದರೂ ಆ ದಾಖಲೆ ನಿಮ್ಮ ರಸ್ತೆಗೆ ಉಪಯೋಗಕ್ಕೆ ಬರುತ್ತದೆ. ಕಂಪನಿಯ ಅರ್ಜಿಯ ಪ್ರತಿ ಕಳಿಸಿದರೆ ಯಾವ ಪುಟದಲ್ಲಿ ಏನು ಬಿಟ್ಟಿದ್ದಾರೆ ಅಂತ ಗುರುತು ಹಾಕಿ ಕೊಡುತ್ತೇನೆ.